ಹುಲ್ಲಿನ ಮದ್ದಿನ ವಿಚಾರವಾಗಿ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸಂಗತಿಗಳಿಗೆಲ್ಲ ಅತ್ತೆ ಬೇರೆಯಾಗಿ ಬರೆಯುತ್ತಾಳೆ. ನಾನು ಬರೆಯುತ್ತಿರುವುದು ಹುಲ್ಲಿನ ಸಂಗತಿಗೆ ಮಾತ್ರ. ಅಮೆರಿಕದ ನಿಮ್ಮ ಮನೆಯಂಗಳದ ಹುಲ್ಲು ನೋಡಿಕೊಳ್ಳುವ ಕಂಪನಿಯವನು ಬಾಗಿಲಿಗೆ ಬಂದಿದ್ದಾಗ, ಕಳೆಗೆ ಔಷಧಿ ಹೊಡೆದ ಮೇಲೆ ಮಗುವನ್ನು ಎಷ್ಟು ಹೊತ್ತು ಹೊರಗೆ ಬಿಡಬಾರದು ಎಂದು ನೀನು ಕೇಳಿದೆಯಂತೆ. ಅವನು ನಕ್ಕು, ಒಣಗಿದರೆ ಸಾಕು ಎಂದನಂತೆ. 'ಅಂದಿನಿಂದ ಮಗುವನ್ನು ಹುಲ್ಲಿನ ಮೇಲೆ ಬಿಡುವುದಕ್ಕೇ ಹೆದರಿಕೆ, ನಾನು ಸುಮ್ಮನೆ ಹೆದರುತ್ತಿದ್ದೇನೆಯೇ ಮಾವ' ಎಂದು ಬರೆದಿದ್ದೀಯೆ.

ಸುಮ್ಮನೆ ಅಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ.

ಅವನು ಸುಳ್ಳು ಹೇಳಿಲ್ಲ ಎಂಬುದನ್ನೂ ಹೇಳಬೇಕು. ಅಂಥ ಡಬ್ಬಗಳ ಲೇಬಲ್‌ನಲ್ಲಿ ಇರುವುದೂ ಅದೇ: ಸಿಂಪಡಿಸಿದ್ದು ಒಣಗುವವರೆಗೆ ಜನರನ್ನೂ ಸಾಕುಪ್ರಾಣಿಗಳನ್ನೂ ಬಿಡಬಾರದು. ನಗಬೇಕು ಎಂದು ಮಾತ್ರ ಯಾವ ಲೇಬಲ್‌ನಲ್ಲೂ ಬರೆದಿಲ್ಲ. ನನಗೆ ನಿದ್ದೆ ಕೆಡಿಸಿದ್ದು ಆ ನಗು.

ನಮ್ಮ ಕಡೆಯ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಹಾರಾಡಿದ ಕಾಲ ನಿನಗೆ ಗೊತ್ತಿಲ್ಲ. ನಿನ್ನ ಅಮ್ಮ ಅದರ ಮಾತು ಎತ್ತುವವಳಲ್ಲ. 1980ರ ದಶಕದಿಂದ 2000ದವರೆಗೆ ಗೇರು ಹೂ ಬಿಡುವ ಹೊತ್ತಿಗೆ ಟೀ ಸೊಳ್ಳೆ ಎಂಬ ರಸ ಹೀರುವ ಕೀಟದ ಕಾಟಕ್ಕೆಂದು ಮೇಲಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದರು. ಊರಿನ ಮಕ್ಕಳೆಲ್ಲ ಗದ್ದೆಗೆ ಓಡಿ ಬಂದು ಕೈ ಬೀಸುತ್ತಿದ್ದರು. ದೊಡ್ಡವರಾದ ನಾವೂ ಅಂಗಳದಲ್ಲಿ ನಿಂತು ನೋಡುತ್ತಿದ್ದೆವು. ಅಷ್ಟು ಹತ್ತಿರದಿಂದ ಹೆಲಿಕಾಪ್ಟರ್ ಕಾಣುವುದು ಆಗ ಸಣ್ಣ ಸಂಗತಿಯಾಗಿರಲಿಲ್ಲ. ಬಾವಿ ಮುಚ್ಚಿಡಿ ಎಂದು ಯಾರೋ ಹೇಳಿಕೊಂಡು ಹೋದರು. ಬಾವಿ ಮುಚ್ಚಬೇಕಾದರೆ ಬೀಳುವುದು ಎಂಥದ್ದು ಎಂದು ನಮ್ಮಲ್ಲಿ ಒಬ್ಬರಾದರೂ ಕೇಳಬೇಕಿತ್ತಲ್ಲ. ಒಬ್ಬ ಮುದುಕಿ ಮಾತ್ರ ಕೇಳಿದಳು. ಹೇಳಲು ಬಂದವರು, 'ಸೊಳ್ಳೆಗೆ ಹೊಡೆಯುವ ಮದ್ದು ಮನುಷ್ಯರಿಗೆ ಏನು ಮಾಡುತ್ತದೆ ಅಜ್ಜಿ' ಎಂದು ನಕ್ಕರು. ಹತ್ತಿರವಿದ್ದ ನಾವೂ ನಕ್ಕೆವು.

ಆಮೇಲಿನದು ಪತ್ರಿಕೆಗಳಲ್ಲಿ ಬಂದಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಲ್ಲಿಸಿತು. ದಕ್ಷಿಣ ಕನ್ನಡದ ಕೊಕ್ಕಡದಲ್ಲಿ, ಕೊಯಿಲದಲ್ಲಿ ಎಂಡೋ ಸಂತ್ರಸ್ತ ಮಕ್ಕಳಿಗೆಂದು ಹಗಲು ಪಾಲನಾ ಕೇಂದ್ರಗಳಾದವು. ನಮ್ಮ ಗುಡ್ಡದ ಆಚೆ ಮಗ್ಗುಲಿನ ಮನೆಯಲ್ಲಿ ಒಬ್ಬ ತಾಯಿ ಮೀಸೆ ಬಂದ ಮಗನನ್ನು ಎತ್ತಿಕೊಂಡು ಬಚ್ಚಲಿಗೆ ಒಯ್ಯುತ್ತಿದ್ದಳು. ಔಷಧಿಯಿಂದಲೇ ಹಾಗಾಯಿತು ಎಂದು ನಾನು ಪ್ರಮಾಣ ಮಾಡಲಾರೆ. ಅವಳು ಮಾಡುತ್ತಿದ್ದಳು.

ನೋಡು, ಹುಲ್ಲಿನ ಮಾತು ಎಲ್ಲಿಗೋ ಹೋಯಿತು. ನಿನ್ನ ಹೆದರಿಕೆ ಹೆಚ್ಚಿಸುವುದಕ್ಕೆ ಇದನ್ನು ಬರೆಯಲಿಲ್ಲ. ಎಂಡೋಸಲ್ಫಾನ್ ಬೇರೆ, ಅವನು ತರುವುದು ಬೇರೆ. ಮೊದಲನೆಯದು ಕೀಟನಾಶಕ, ವರ್ಷಗಟ್ಟಲೆ ಹೋಗದೆ ಉಳಿಯುವ ಜಾತಿಯದು. ನಿಮ್ಮಲ್ಲಿ ಹುಲ್ಲಿಗೆ ಹೊಡೆಯುವುದು ಹೆಚ್ಚಾಗಿ 2,4-ಡಿ, ಅದರ ಜೊತೆಗೆ ಡೈಕಾಂಬಾ ಮುಂತಾದ ಕಳೆನಾಶಕಗಳು. ಅಗಲ ಎಲೆಯ ಕಳೆ ಸಾಯುತ್ತದೆ, ಹುಲ್ಲು ಉಳಿಯುತ್ತದೆ. ನಮ್ಮ ಭತ್ತದ ಗದ್ದೆಗಳಿಗೂ ಅದೇ 2,4-ಡಿ ಬರುತ್ತದೆ. ಮಣ್ಣಿನಲ್ಲಿ ಬಹಳ ಕಾಲ ನಿಲ್ಲುವುದಿಲ್ಲ. ಲೇಬಲ್‌ನಲ್ಲಿ ಹೇಳಿದಂತೆ ಬಳಸಿ ಎಂದು ನಿಮ್ಮ ಸರ್ಕಾರ ಅನುಮತಿ ಕೊಟ್ಟಿದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು 'ಕ್ಯಾನ್ಸರ್ ತರುವ ಸಾಧ್ಯತೆ ಇದೆ' ಎಂಬ ಪಟ್ಟಿಗೆ ಸೇರಿಸಿತು. ಆಧಾರ ಗಟ್ಟಿಯಾಗಿಲ್ಲದಾಗ ಹಾಕುವ ಪಟ್ಟಿ ಅದು. ನಿಮ್ಮ ಈರಿ ಸರೋವರದ ಆಚೆ ದಡದಲ್ಲಿರುವ ಕೆನಡಾದ ಒಂಟಾರಿಯೊದಲ್ಲಿ 2009ರಿಂದಲೇ ಮನೆಯಂಗಳದ ಅಂದಕ್ಕಾಗಿ ಇಂಥವನ್ನು ಹೊಡೆಯುವಂತಿಲ್ಲ. ಒಂದೇ ನೀರಿನ ಎರಡು ದಡ, ಎರಡು ಕಾನೂನು. ಇನ್ನು ತಾಯಿಯಾದವಳಿಗೆ ಅನುಮಾನ ಬಂದರೆ ಅದರಲ್ಲಿ ನಗುವಂಥದ್ದು ಏನಿದೆ?

ಹಾಗಾದರೆ ಹುಲ್ಲನ್ನು ಕಂಪನಿಗೆ ಬಿಡುವುದೋ ನಾವೇ ನೋಡಿಕೊಳ್ಳುವುದೋ ಎಂದೂ ಕೇಳಿದ್ದೀಯೆ. ಒಂದನ್ನು ಆರಿಸಿಕೊಡುವಷ್ಟು ಧೈರ್ಯ ನನಗಿಲ್ಲ. ಅಳಿಯಂದಿರು ವಾರವೆಲ್ಲ ದುಡಿದು ಶನಿವಾರ ಯಂತ್ರ ತಳ್ಳಬೇಕು ಎಂದು ಇಲ್ಲಿ ಕುಳಿತು ಹೇಳುವುದು ಸುಲಭ. ನಿನ್ನ ಅಜ್ಜನ ಕ್ರಮ ಮಾತ್ರ ನೆನಪಾಗುತ್ತಿದೆ. ಅಡಿಕೆಗೆ ಮದ್ದು ಬಿಡುವುದಕ್ಕೆ ಮರ ಹತ್ತುವವರಿಗೆ ಕೂಲಿ ಕೊಟ್ಟು ಕರೆಸುತ್ತಿದ್ದರು. ತಾವು ಹತ್ತುತ್ತೇನೆಂದು ಎಂದೂ ಹಟ ಹಿಡಿಯಲಿಲ್ಲ. ಆದರೆ ಬೋರ್ಡೋ ದ್ರಾವಣವನ್ನು ಬೇರೆಯವರ ಕೈಯಲ್ಲಿ ಮಾಡಿಸಿದ್ದನ್ನು ನಾನು ಕಾಣೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೆರೆಸಿದ ಮೇಲೆ ಕತ್ತಿ ಅದ್ದಿ ನೋಡುತ್ತಿದ್ದರು. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕುತ್ತಿದ್ದರು. ಅದೂ ಅಮೃತವೇನಲ್ಲ, ವರ್ಷವರ್ಷವೂ ತಾಮ್ರ ಮಣ್ಣಿಗೆ ಸೇರುತ್ತಲೇ ಇರುತ್ತದೆ. ಆದರೂ ಏನು ಬೀಳುತ್ತಿದೆ ಎಂದು ಅವರಿಗೆ ಗೊತ್ತಿತ್ತು, ಮದ್ದು ಬಿಡುವ ದಿನ ಮಕ್ಕಳು ತೋಟಕ್ಕೆ ಕಾಲಿಡುವಂತಿರಲಿಲ್ಲ. ನಾನು ಬ್ಯಾಂಕಿನ ಕೆಲಸ ಹಿಡಿದು ಊರೂರು ತಿರುಗಿದೆ. ತೋಟವನ್ನು ಬೇರೆಯವರು ನೋಡಿಕೊಂಡರು, ಡ್ರಮ್ಮಿನಲ್ಲಿ ಏನಿತ್ತೋ ಅವರಿಗೇ ಗೊತ್ತು. ಈಗ ಅಪ್ಪ ಅದ್ದುತ್ತಿದ್ದ ಕತ್ತಿ ಅಟ್ಟದ ಮೇಲಿದೆ. ನನಗೆ ಅಡಿಕೆಯ ಗೊನೆ ನೋಡಿ ಕೊಳೆರೋಗ ಗುರುತಿಸುವುದಕ್ಕೂ ಸರಿಯಾಗಿ ಬರುವುದಿಲ್ಲ.

ಹುಲ್ಲು ಕತ್ತರಿಸುವುದು ಒಂದು, ಔಷಧಿ ಹೊಡೆಯುವುದು ಇನ್ನೊಂದು. ಇವೆರಡನ್ನೂ ಒಂದೇ ಕಾಗದದಲ್ಲಿ ಕಟ್ಟಿಕೊಟ್ಟಿರುತ್ತಾರೆ, ಬಿಡಿಸಿ ಕೇಳು. ಕತ್ತರಿಸುವುದಕ್ಕೆ ಬೇಕಾದರೆ ಜನ ಇಡಿ. ಆ ಯಂತ್ರ ಹರಿದಾಡುವಾಗ, ಓಡಿಸುವವರು ಯಾರೇ ಆಗಲಿ, ಮಗು ಮನೆಯೊಳಗೇ ಇರಲಿ. ಕಲ್ಲು ಹಾರಿದರೆ ಕಣ್ಣಿಗೇ ಬಡಿಯುತ್ತದೆ. ತಳ್ಳುವ ಯಂತ್ರವನ್ನೂ 12 ವರ್ಷ ತುಂಬದ ಮಕ್ಕಳ ಕೈಗೆ ಕೊಡಬೇಡಿ ಎಂದು ನಿಮ್ಮ ದೇಶದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳುತ್ತದೆ. ಔಷಧಿಯ ಮಾತು ಬಂದರೆ, ನಾನಾಗಿದ್ದರೆ ಮಗು ನೆಲ ಮುಟ್ಟಿ ಬಾಯಿಗೆ ಕೈ ಹಾಕುವ ವಯಸ್ಸು ದಾಟುವವರೆಗೆ ಬೇಡ ಎನ್ನುತ್ತಿದ್ದೆ. ಆದರೆ ಕಳೆ ಬೆಳೆದರೆ ಬಡಾವಣೆಯ ಸಂಘದಿಂದ ಎಚ್ಚರಿಕೆಯ ಕಾಗದ ಬರುವುದು ನಿನಗೆ, ನನಗಲ್ಲ.

ಹುಲ್ಲನ್ನು ಮೂರರಿಂದ ನಾಲ್ಕು ಇಂಚು ಎತ್ತರಕ್ಕೆ ಬಿಟ್ಟರೆ ಅದರ ನೆರಳಿಗೇ ಎಷ್ಟೋ ಕಳೆ ಮೊಳೆಯುವುದಿಲ್ಲವಂತೆ. ಒಮ್ಮೆಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಕತ್ತರಿಸಿದ್ದನ್ನು ಅಲ್ಲೇ ಬಿಡಿ, ಗೊಬ್ಬರವಾಗುತ್ತದೆ. ಬೋಳಾದ ಕಡೆ ಬೀಜ ಹಾಕುವುದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದೊಳಗೆ. ವಸಂತದಲ್ಲಿ ಹಾಕಿದರೆ ಎಳೆಯ ಹುಲ್ಲು ಬೇಸಿಗೆಗೆ ಸುಟ್ಟುಹೋಗಬಹುದು. ನೀನು ಬೈದುಕೊಂಡಿರುವ ಆ ಬಿಳಿ ಹೂವಿನ ಕ್ಲೋವರ್ ಇದೆಯಲ್ಲ, ಹಿಂದೆ ಅದನ್ನು ಹುಲ್ಲಿನ ಬೀಜದ ಜೊತೆ ಬೇಕೆಂದೇ ಬೆರೆಸಿ ಮಾರುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದು 2,4-ಡಿ ಬಂದಾಗ ಅದು ಕ್ಲೋವರನ್ನೂ ಕೊಂದಿತು, ಅಲ್ಲಿಂದ ಕ್ಲೋವರ್ ಕಳೆಯಾಯಿತು.

ಪಕ್ಕದ ಮನೆಯವರು ಹೊಡೆಸುವುದನ್ನು ನೀನು ತಡೆಯಲಾಗದು, ಹೆದರಿಕೆಯ ಅರ್ಧ ಭಾಗ ಅದೇ ಎಂದು ನನಗೆ ಅರ್ಥವಾಗುತ್ತದೆ. ಔಷಧಿ ಹೊಡೆದ ಗುರುತಿಗೆ ಅವರ ಹುಲ್ಲಿನಲ್ಲಿ ಪುಟ್ಟ ಬಾವುಟ ನೆಟ್ಟ ದಿನ ಆ ಕಡೆಯ ಕಿಟಕಿ ಮುಚ್ಚು. ಚಪ್ಪಲಿಯನ್ನು ಬಾಗಿಲಲ್ಲೇ ಬಿಡುವ ನಮ್ಮ ಅಭ್ಯಾಸವನ್ನು ಅತಿಥಿಗಳ ಸಂಕೋಚಕ್ಕೆ ಬಿಡಬೇಡ. ಹುಲ್ಲಿನ ಔಷಧಿ ಪಾದರಕ್ಷೆಗಳ ಮೂಲಕ ಮನೆಯೊಳಗೆ ಬರುತ್ತದೆ ಎಂದು ಅಲ್ಲಿಯವರೇ ಅಳೆದು ನೋಡಿದ್ದಾರೆ. ಕಾರ್ಪೆಟ್ ಮೇಲೆ ಅಂಬೆಗಾಲಿಡುವವನು ನಮ್ಮವನು.

ಇಷ್ಟು ಬರೆದ ಮೇಲೂ ನಿನ್ನ ಪ್ರಶ್ನೆಗೆ ಗಂಟೆಯ ಲೆಕ್ಕದಲ್ಲಿ ಉತ್ತರ ಕೊಡಲಿಲ್ಲ ನೋಡು. ಯಾವುದು ಎಂದು ತಿಳಿಯದೆ ಎಷ್ಟು ಹೊತ್ತು ಎಂದು ಹೇಗೆ ಹೇಳಲಿ? ಅವನು ಮತ್ತೆ ಬಂದರೆ ಕಂಪನಿಯ ಹೊಳಪು ಕಾಗದ ಬೇಡ, ಡಬ್ಬದ ಲೇಬಲ್ಲನ್ನೇ ಕೇಳಿ ಫೋಟೊ ತೆಗೆದು ಕಳುಹಿಸು. ಇಲ್ಲಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರಿಚಯದವರಿದ್ದಾರೆ, ತೋರಿಸುತ್ತೇನೆ. ಲೇಬಲ್ ತೋರಿಸಲು ಅವನು ಹಿಂಜರಿದರೆ ಫೋಟೊದ ಅಗತ್ಯವಿಲ್ಲ, ಬಾಗಿಲು ಹಾಕಿಕೊ.

ಇಂತಿ,
ನಿನ್ನ ಮಾವ