ಅಪೀಲು ಹಾಕಿದರಷ್ಟೇ ಸಾಲದು, ಪುಟ್ಟಿ

ಚಿ. ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ನೀನು ಮನೆ ಬಿಟ್ಟುಕೊಡಬೇಕೆಂದು ಬಂದ ತೀರ್ಪಿನ ವಿಚಾರ ಮನೆಯವರಿಗೆಲ್ಲ ಗೊತ್ತೇ ಇದೆ, ಬಿಡು. ನಿನ್ನ ಕಾಗದದ ಒಂದು ಸಾಲು ಮಾತ್ರ ಮನಸ್ಸು ಬಿಟ್ಟು ಹೋಗುತ್ತಿಲ್ಲ: ‘ಅಪೀಲು ಹಾಕುವಷ್ಟರಲ್ಲಿ ಅಮೀನ ಬಂದು ಮನೆ ಬಿಡಿಸಿದರೆ?’

ಸುಳ್ಳು ಸಮಾಧಾನ ಹೇಳಲಾರೆ, ಕೋರ್ಟಿನ ಆದೇಶ ಜಾರಿ ಮಾಡುವ ಆ ಅಮೀನ ಬರಬಹುದು. ಅಪೀಲು ದಾಖಲಾದ ಮಾತ್ರಕ್ಕೆ ಡಿಕ್ರಿಯ, ಅಂದರೆ ತೀರ್ಪಿನಂತೆ ಕೋರ್ಟು ಕೊಡುವ ಆದೇಶದ, ಜಾರಿ ನಿಲ್ಲುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 5ನೇ ನಿಯಮ ಹಾಗೆಂದೇ ಹೇಳುತ್ತದೆ. ತಡೆಯಾಜ್ಞೆಗೆ ಬೇರೆ ಅರ್ಜಿಯನ್ನೇ ಹಾಕಬೇಕು. ಅಪೀಲಿನ ಅವಧಿ ಮುಗಿಯುವ ಮೊದಲಾದರೆ, ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ತಡೆ ಕೇಳಬಹುದು. ಇದನ್ನು ತೀರ್ಪು ಬಂದ ಸಂಜೆಯೇ ಹೇಳಬೇಕಿತ್ತು ನಾನು.

ತೀರ್ಪು, ಡಿಕ್ರಿಗಳ ದೃಢೀಕೃತ ನಕಲು ಬೇಕೆಂದು ಕೋರ್ಟಿಗೆ ಅರ್ಜಿ ಹಾಕಿದ್ದೀಯಾ? ಅಪೀಲು ಹಾಕಲು ಇರುವ ಗಡುವು ಡಿಕ್ರಿಯ ತಾರೀಖಿನಿಂದ ಹೈಕೋರ್ಟಿಗಾದರೆ 90 ದಿನ, ಜಿಲ್ಲಾ ಕೋರ್ಟಿಗಾದರೆ 30. ದೃಢೀಕೃತ ನಕಲು ಸಿದ್ಧವಾಗಲು ಹಿಡಿದ ದಿನಗಳನ್ನು ಲೆಕ್ಕದಿಂದ ಕಳೆಯುತ್ತಾರೆ. ಶುಲ್ಕ ಕಟ್ಟದೆ, ಸಿದ್ಧವಾದದ್ದನ್ನು ಒಯ್ಯದೆ ನೀನು ಕಳೆದ ದಿನಗಳು ಮಾತ್ರ ನಿನ್ನ ತಲೆಗೇ.

ಗಡುವು ಮೀರಿದರೆ ವಿಳಂಬ ಮನ್ನಾ ಅರ್ಜಿ ಹಾಕಿದರಾಯಿತು ಎಂದು ಯಾರಾದರೂ ಅಂದರೆ ನಂಬಿ ಕೂರಬೇಡ. ಮನ್ನಾ ಆಗಲೂಬಹುದು. ಆದರೆ ಆ ಅರ್ಜಿ ಹಾಕಿದ ಮೇಲೆ, ಅಪೀಲನ್ನು ವಿಚಾರಣೆಗೆ ಎತ್ತಿಕೊಳ್ಳಲು ಕೋರ್ಟು ತೀರ್ಮಾನಿಸುವ ತನಕ ತಡೆಯಾಜ್ಞೆ ಕೊಡುವಂತಿಲ್ಲ. ನೀನು ಹೆದರುವ ಅಮೀನ ನುಗ್ಗುವುದು ಆ ಸಂದಿನಲ್ಲೇ.

ತಡೆ ಕೇಳುವಾಗ ಮೂರು ವಿಷಯ ತೋರಿಸಬೇಕು: ತಡೆ ಸಿಗದಿದ್ದರೆ ಭಾರೀ ನಷ್ಟ, ಅರ್ಜಿ ಹಾಕಲು ಅನಗತ್ಯ ತಡಮಾಡಿಲ್ಲ, ಡಿಕ್ರಿಗೆ ತಕ್ಕ ಭದ್ರತೆ (ಠೇವಣಿಯೋ ಜಾಮೀನೋ) ಕೊಡಲು ಸಿದ್ಧ. ಮೂರನೆಯದಕ್ಕೆ ಈಗಲೇ ಏರ್ಪಾಡು ಮಾಡಿಕೊ. ಎದುರಿನವರು ಕೇವಿಯಟ್, ಅಂದರೆ ‘ನಮ್ಮನ್ನು ಕೇಳದೆ ಆದೇಶ ಕೊಡಬೇಡಿ’ ಎಂಬ ಮುನ್ನರ್ಜಿ, ಹಾಕಿದ್ದಾರೋ ಎಂದು ವಕೀಲರು ವಿಚಾರಿಸಲಿ. ಹಾಕಿದ್ದರೆ ಅವರಿಗೆ ನೋಟಿಸು ಹೋಗದೆ ಆದೇಶ ಸಿಗುವುದಿಲ್ಲ.

ವಕೀಲರನ್ನು ಬದಲಿಸುವುದು ಬಿಡುವುದು ನಿನ್ನಿಷ್ಟ, ನಾನು ತಲೆಹಾಕುವುದಿಲ್ಲ. ಯಾರಾದರೂ ಸರಿ, ಯಾವ ಸಾಕ್ಷ್ಯವನ್ನು ನ್ಯಾಯಾಧೀಶರು ಪರಿಗಣಿಸಲಿಲ್ಲ, ತೀರ್ಪಿನ ಯಾವ ಕಂಡಿಕೆಯಲ್ಲಿ ತಪ್ಪಿದರು ಎಂದು ಗುರುತು ಹಾಕಿ ಕೊಡು. ‘ಅನ್ಯಾಯವಾಗಿದೆ’ ಎಂದಷ್ಟೇ ಬರೆದರೆ ಅದು ಅಪೀಲಿನ ಆಧಾರವಾಗದು. ಬೀರುವಿನಲ್ಲಿ ಈಗ ಸಿಕ್ಕ ಕಾಗದವನ್ನು ಅಪೀಲಿನಲ್ಲಿ ಸುಮ್ಮನೆ ಒಪ್ಪುವುದಿಲ್ಲ. ಮೊದಲೇ ಯಾಕೆ ಕೊಡಲಿಲ್ಲ ಎಂಬುದಕ್ಕೆ ಅದೇ 41ನೇ ಆದೇಶದ 27ನೇ ನಿಯಮದಡಿ ಕಾರಣ ಹೇಳಬೇಕು.

ಫೀಸಿನ ಚಿಂತೆ ಬರೆದಿಲ್ಲ, ಇದ್ದೇ ಇರುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವುಂಟು. ಸಂಕೋಚ ಬೇಡ.

ನಕಲಿನ ಅರ್ಜಿ ಹಾಕಿದ ತಾರೀಖು ನನಗೆ ಇವತ್ತೇ ತಿಳಿಸು. ಹಾಕಿಲ್ಲವೆಂದರೆ ಈ ಕಾಗದ ಮಡಿಚಿಟ್ಟು ಕೋರ್ಟಿಗೆ ಹೊರಡು.

ನಿನ್ನ ಮಾವ