ಅತ್ತಿಗೆಗೆ ಹೇಳಬೇಕಿದ್ದ ಮಾತು

ಅಮ್ಮ ಹೋಗಿ ಇವತ್ತಿಗೆ ಒಂದು ತಿಂಗಳು. ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿದ್ದು, ಕೊನೆಗೆ ಲಿವರ್ ಕೈಕೊಟ್ಟಿದ್ದು ನಿಮಗೆಲ್ಲ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ರಕ್ತ ಕೊಟ್ಟವರು, ರಿಪೋರ್ಟ್ ಹಿಡಿದು ಓಡಾಡಿದವರು, ನಾನು ಮಾತಾಡದಿದ್ದರೂ ಫೋನ್ ಇಡದೆ ಕಾದವರು, ಎಲ್ಲರಿಗೂ ಥ್ಯಾಂಕ್ಸ್. ಇನ್ನು ಕೀಮೋ ಬೇಡ, ನೋವಾಗದ ಹಾಗೆ ನೋಡಿಕೊಳ್ಳೋಣ ಎಂದು ಸುತ್ತಿಬಳಸದೆ ಹೇಳಿದ ಡಾಕ್ಟರಿಗೂ. ಅವತ್ತು ಅವರ ಮೇಲೆ ಸಿಟ್ಟು ಬಂದಿತ್ತು.

ಜಾಸ್ತಿ ಹೇಳಬೇಕಿರುವುದು ಅತ್ತಿಗೆ ಬಗ್ಗೆ. ನಮ್ಮಿಬ್ಬರಿಗೆ ಅಷ್ಟಕ್ಕಷ್ಟೇ ಅಂತ ಮನೆಯವರಿಗೆಲ್ಲ ಗೊತ್ತು.

ಕಾಮಾಲೆ ಏರಿದ ಮೇಲೆ ಅಮ್ಮನಿಗೆ ಮೈಯೆಲ್ಲ ಕಡಿತ. ರಾತ್ರಿಯಾದರೆ ಇನ್ನೂ ಜಾಸ್ತಿ. ಕೆರೆದು ಕೆರೆದು ಗಾಯ, ರಕ್ತ ಬಂದರೆ ಬೇಗ ನಿಲ್ಲುತ್ತಿರಲಿಲ್ಲ. ಅತ್ತಿಗೆ ಬಂದವರೇ ಮೊದಲು ಅಮ್ಮನ ಉಗುರು ಕತ್ತರಿಸಿದರು. ಒಂದೊಂದರ ಅಂಚನ್ನೂ ಉಜ್ಜಿ ನಯ ಮಾಡಿದರು. ಆಮೇಲೆ ಮೈಗೆ ಒದ್ದೆ ಬಟ್ಟೆ ಒತ್ತುತ್ತಾ ಕೂತರು.

ಅಮ್ಮ ಹಗಲೆಲ್ಲ ಮಲಗಿ ರಾತ್ರಿ ಎದ್ದು ಕೂರಲು ಶುರು ಮಾಡಿದಾಗ ಅದು ಲಿವರ್ ಸೋತಿರುವುದರ ಲಕ್ಷಣ ಅಂತ ನನಗೆ ಹೊಳೆಯಲಿಲ್ಲ. ಒಂದು ರಾತ್ರಿ ನನ್ನನ್ನೇ ನೋಡಿ "ಯಾರೇ ನೀನು? ಹೊರಗೆ ನಡಿ" ಅಂದಳು. ಚಾಚಿದ ಕೈ ರೆಕ್ಕೆ ಬಡಿದ ಹಾಗೆ ಅದುರುತ್ತಿತ್ತು. ನಾನು ಹೊರಗೆ ಹೋಗಿಬಿಟ್ಟೆ. ಹೌದು, ಹೋಗಿಬಿಟ್ಟೆ. ಬೆಳಗಿನ ತನಕ ಮೆಟ್ಟಿಲ ಮೇಲೆ ಕೂತಿದ್ದೆ.

ಅತ್ತಿಗೆ ಒಳಗೇ ಇದ್ದರು. ಅಮ್ಮನ ಕೈಲಿ ಗದರಿಸಿಕೊಂಡೇ ಹೊಟ್ಟೆ ಸಡಿಲ ಮಾಡುವ ಲ್ಯಾಕ್ಟುಲೋಸ್ ಸಿರಪ್ ಕುಡಿಸಿದರು. ನಾಲ್ಕು ಸಲ ಹಾಸಿಗೆ ಬಟ್ಟೆ ಬದಲಿಸಿದರು. ಹೊಟ್ಟೆ ಹೋದರೇನೇ ರಕ್ತದಲ್ಲಿ ಸೇರಿಕೊಂಡ ಅಮೋನಿಯಾ ಅನ್ನೋ ವಿಷ ಇಳಿಯೋದು ಅಂತ ನರ್ಸ್ ಹೇಳಿದ್ದು ನೆನಪಿದ್ದದ್ದು ಅವರೊಬ್ಬರಿಗೇ. ನಸುಕಿನಲ್ಲಿ ಬಂದು ನನ್ನ ಪಕ್ಕ ಕೂತರು. ಕೈ ಸೋಪಿನ ವಾಸನೆ ಬರುತ್ತಿತ್ತು. "ಬೈದಿದ್ದು ಅತ್ತೆ ಅಲ್ಲ ಕಣೇ. ಲಿವರ್ ಸೋಸದೆ ಬಿಟ್ಟಿದ್ದು ತಲೆಗೆ ಏರಿದೆ, ಅಷ್ಟೇ" ಅಂದರು. ನಾನು ಓಡಿಹೋಗಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಈಗಲೂ ಆಡಿಲ್ಲ.

ಎರಡು ದಿನ ಬಿಟ್ಟು ಅಮ್ಮನಿಗೆ ಅರ್ಧ ಗಂಟೆ ತಿಳಿವು ಬಂತು. ನನ್ನ ಹೆಸರು ಹಿಡಿದು ಕರೆದಳು. ಓಡಿಹೋಗಿ ಕೈ ಹಿಡಿದರೆ ಕೇಳಿದ್ದು "ಅವಳು ಉಂಡಳಾ?" ಅಂತ. ಸುಳ್ಳು ಯಾಕೆ, ಹೊಟ್ಟೆಕಿಚ್ಚಾಯಿತು.

ಅತ್ತಿಗೆ, ಎದುರಿಗೆ ಹೇಳೋಕೆ ಬಾಯಿ ಬರಲ್ಲ, ಅದಕ್ಕೆ ಇಲ್ಲಿ ಬರೆದೆ. ನಿಮ್ಮ ನೇಲ್ ಕಟರ್ ನನ್ನ ಬ್ಯಾಗಿನಲ್ಲೇ ಉಳಿದಿದೆ. ಭಾನುವಾರ ತಂದುಕೊಡ್ತೀನಿ.