ಮರೆವಿನ ರಕ್ತಪರೀಕ್ಷೆಗೆ ಮುಂಚೆ ಕಿವಿ, ಬಿಪಿ, ಶುಗರ್ ನೋಡಿಸಿ

ಮಾನ್ಯ ಸಂಪಾದಕರೇ,

ಮುಂದೆ ಮರೆವಿನ ಕಾಯಿಲೆ ಬರುತ್ತದೋ ಇಲ್ಲವೋ ರಕ್ತಪರೀಕ್ಷೆಯಲ್ಲೇ ಗೊತ್ತಾಗುತ್ತದಂತೆ ಎಂಬ ಸುದ್ದಿ ಬಂದ ಮೇಲೆ, ನಮ್ಮ ಸಕಲೇಶಪುರದ ಕಡೆಯೂ ಜನ 'ಅದನ್ನ ಎಲ್ಲಿ ಮಾಡ್ತಾರೆ?' ಎಂದು ವಿಚಾರಿಸುತ್ತಿದ್ದಾರೆ. ಗಟ್ಟಿಮುಟ್ಟಾಗಿರುವವರೂ ಕೇಳುತ್ತಿದ್ದಾರೆ. ದಯವಿಟ್ಟು ಆತುರ ಬೇಡ.

ಸುದ್ದಿ ಸುಳ್ಳಲ್ಲ. ರಕ್ತದಲ್ಲಿನ ಪಿ-ಟೌ217 ಎಂಬ ಪ್ರೋಟೀನ್ ಅಳೆದರೆ ಮೆದುಳಿನಲ್ಲಿ ಆಲ್ಝೈಮರ್ ಎಂಬ ಮರೆವಿನ ಕಾಯಿಲೆಯ ಬದಲಾವಣೆ ಆಗಿದೆಯೇ ಎಂದು ಅಂದಾಜು ಸಿಗುತ್ತದೆ. ಮೊದಲಾದರೆ ಮೆದುಳಿನ ಪೆಟ್ ಸ್ಕ್ಯಾನ್ ಮಾಡಿಸಬೇಕಿತ್ತು, ಇಲ್ಲವೇ ಬೆನ್ನಿನಿಂದ ನೀರು ತೆಗೆಯಬೇಕಿತ್ತು. ಬ್ರಿಟನ್ನಿನ 50 ಸಾವಿರಕ್ಕೂ ಜಾಸ್ತಿ ಜನರ ರಕ್ತ ನೋಡಿದ ವಿಜ್ಞಾನಿಗಳು, ಕಾಯಿಲೆ ಪತ್ತೆಯಾಗುವ ಹತ್ತು ವರ್ಷ ಮುಂಚೆಯೇ ಕೆಲವು ಪ್ರೋಟೀನ್‌ಗಳಲ್ಲಿ ಸುಳಿವು ಇರುತ್ತದೆ ಎಂದು 2024ರಲ್ಲಿ ಪ್ರಕಟಿಸಿದ್ದಾರೆ.

ಆದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಇಂಥ ಮೊದಲ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿದ್ದು ಯಾರಿಗೆ? 55 ದಾಟಿದ, ಈಗಾಗಲೇ ಮರೆವಿನ ಲಕ್ಷಣ ಇರುವವರಿಗೆ ಮಾತ್ರ. ಅದೂ ಬೇರೆ ತಪಾಸಣೆಗಳ ಜೊತೆಗೆ. ಮೆದುಳಿನಲ್ಲಿ ಆಲ್ಝೈಮರ್‌ನ ಗುರುತಾದ ಅಮಿಲಾಯ್ಡ್ ಎಂಬ ಪ್ರೋಟೀನ್ ಕಟ್ಟಿಕೊಂಡಿದ್ದರೂ ಕೊನೆಯವರೆಗೆ ಚೆನ್ನಾಗಿಯೇ ಇದ್ದುಬಿಡುವ ಹಿರಿಯರು ಬೇಕಾದಷ್ಟು ಮಂದಿ ಇದ್ದಾರೆ. ಕಿಡ್ನಿ ತೊಂದರೆ ಇದ್ದರೂ ಪಿ-ಟೌ217 ಜಾಸ್ತಿ ಬರುತ್ತದೆ. ಇದನ್ನೆಲ್ಲ ಬಿಡಿಸಿ ಹೇಳುವ ಡಾಕ್ಟರ್ ಎದುರಿಗಿಲ್ಲದೆ, ಆ ರಿಪೋರ್ಟ್ ಸೀದಾ ಮೊಬೈಲ್‌ಗೆ ಬಂದರೆ ಏನಾಗಬಹುದು? ನಮ್ಮ ಊರುಗಳಲ್ಲಿ ಇಂಥ ಕಾಗದ ಮನೆಯೊಳಗೇ ಉಳಿಯುವುದಿಲ್ಲ. ಮಗಳ ಮದುವೆ ಮಾತುಕತೆಯಲ್ಲಿ ಬರುತ್ತದೆ. ತೋಟದ ಪಾಲಿನ ಸಮಯದಲ್ಲಿ 'ಅವರ ಸಹಿ ನಡೆಯುತ್ತಾ?' ಎಂಬ ಪ್ರಶ್ನೆ ಏಳುತ್ತದೆ. ಕಾಯಿಲೆಯೇ ಬಾರದ ಮನುಷ್ಯ ಅದಕ್ಕೂ ಮುಂಚೆಯೇ ಮೂಲೆಗೆ ಬೀಳುತ್ತಾನೆ.

ನಮ್ಮ ಅತ್ತೆಗೆ 78. ಬಟವಾಡೆ ದಿನ ಆಳುಗಳ ಹೆಸರು ಒಂದೂ ತಪ್ಪದೆ ಕೂಗುತ್ತಿದ್ದವರು, ದುಡ್ಡು ಕೊಟ್ಟವರಿಗೇ ಮತ್ತೆ ಕೊಡಲು ಶುರುಮಾಡಿದರು. 'ವಯಸ್ಸಾಯ್ತು, ಅರಳುಮರಳು' ಎಂದು ನೆಂಟರು ಕೈತೊಳೆದುಕೊಂಡರು. ಕೊನೆಗೆ ಡಾಕ್ಟರಿಗೆ ತೋರಿಸಿದಾಗ ವಿಟಮಿನ್ ಬಿ12 ತೀರಾ ಕಡಿಮೆ ಇತ್ತು, ಎಡಗಿವಿ ಕೇಳಿಸುತ್ತಲೇ ಇರಲಿಲ್ಲ. ಇಂಜೆಕ್ಷನ್ ಆಯಿತು, ಕಿವಿಗೆ ಮೆಷಿನ್ ಬಂತು. ಮರೆವು ಪೂರ್ತಿ ಹೋಗಿಲ್ಲ, ನಿಜ. ಆದರೆ ಈಗ ಮಾತಿಗೆ ಮಾತು ಕೊಡುತ್ತಾರೆ, ಮೊಮ್ಮಗನ ಹತ್ತಿರ ಜಗಳವನ್ನೂ ಆಡುತ್ತಾರೆ. ಇದಕ್ಕೆ ಯಾವ ಹೊಸ ಪರೀಕ್ಷೆಯೂ ಬೇಕಾಗಲಿಲ್ಲ.

ಮರೆವಿಗೆ ಕಾರಣವಾಗಬಲ್ಲ ಬಿ12, ಥೈರಾಯ್ಡ್ ಕೊರತೆ ನೋಡುವುದು ಬಹುತೇಕ ಲ್ಯಾಬುಗಳಲ್ಲಿ ಇದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ 14 ಕಾರಣಗಳನ್ನು ಗುರುತಿಸಿ, ಇವುಗಳ ಕಡೆ ಗಮನ ಕೊಟ್ಟರೆ ಸುಮಾರು 45% ಡಿಮೆನ್ಷಿಯಾವನ್ನು, ಅಂದರೆ ಮರೆವಿನ ಕಾಯಿಲೆಯನ್ನು, ತಡೆಯಬಹುದು ಅಥವಾ ಮುಂದಕ್ಕೆ ಹಾಕಬಹುದು ಎಂದಿತು. ಬಿಪಿ, ಶುಗರ್, ಕೆಟ್ಟ ಕೊಲೆಸ್ಟರಾಲ್, ಕಿವಿ ಮಂದವಾಗುವುದು, ಕಣ್ಣು ಕಾಣದಿರುವುದು, ಬೀಡಿ, ಕುಡಿತ, ಒಂಟಿತನ ಎಲ್ಲ ಅದರಲ್ಲಿವೆ. ಮಕ್ಕಳೆಲ್ಲ ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ವಯಸ್ಸಾದವರಿಬ್ಬರೇ ಉಳಿದಿರುವ ನಮ್ಮ ಮಲೆನಾಡಿನಲ್ಲಿ ಆ ಕೊನೆಯದನ್ನು ಯಾರು ನೋಡುತ್ತಾರೆ?

ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರ ಒಂದು ಅಧ್ಯಯನದ ಅಂದಾಜು. ಮೆದುಳಿನ ಕಾಯಿಲೆಗಳಿಗೆ ಜಿಲ್ಲೆಯಲ್ಲೇ ಚಿಕಿತ್ಸೆ ಸಿಗಲಿ ಎಂದು ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಕಾರ್ಯಕ್ರಮ ಶುರುಮಾಡಿದೆ. ಅದು ತಾಲ್ಲೂಕಿಗೂ ಇಳಿಯಬೇಕು. ಸಕಲೇಶಪುರ, ಬೇಲೂರು, ಅರಕಲಗೂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಮರೆವಿನ ತಪಾಸಣೆಗೆ ಇಡಲಿ. ಬಿಪಿ, ಶುಗರ್ ನೋಡಲು ಮನೆಗೆ ಬರುವ ಆಶಾ ಕಾರ್ಯಕರ್ತೆಯರು ಮರೆವು, ಕಿವಿಯ ಬಗ್ಗೆಯೂ ನಾಲ್ಕು ಪ್ರಶ್ನೆ ಕೇಳಲಿ, ಅದಕ್ಕೆ ತಕ್ಕ ಗೌರವಧನವೂ ಅವರಿಗೆ ಸಿಗಲಿ. ಪಿ-ಟೌ ಪರೀಕ್ಷೆಯನ್ನು 'ಫುಲ್ ಬಾಡಿ ಚೆಕಪ್' ಪ್ಯಾಕೇಜಿಗೆ ಸೇರಿಸಿ ಮಾರಲು ಯಾವ ಲ್ಯಾಬಿಗೂ ಬಿಡಬಾರದು. ಡಾಕ್ಟರ್ ಚೀಟಿ ಇದ್ದರೆ ಮಾತ್ರ ಮಾಡಬೇಕು ಎಂದು ಆರೋಗ್ಯ ಇಲಾಖೆ ಈಗಲೇ ಆದೇಶ ಹೊರಡಿಸಲಿ.

ಇಂತಿ,
ಕಾಫಿ ಬೆಳೆಗಾರರ ಮನೆಯ ಓದುಗರು, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ